430 ಕೆ.ಜಿ. ತೂಕದ ಒಂಟಿ ಸೀಟಿನ ರೇಸ್ ಕಾರನ್ನು ಎತ್ತಿ ನಿಲ್ಲಿಸುವುದು ಹೇಗೆ? ಶೆಡ್‌ಗೂ ಪ್ಯಾಡಕ್‌ಗೂ ಒಂದೇ ಸಾಧನ ಸಾಕೇ?

ವಿಜಯನಗರ ಮೂರನೇ ಹಂತ:

ಎಲ್ಲರಿಗೂ ನಮಸ್ಕಾರ. ಹಳೆಯ ಒಂಟಿ ಸೀಟಿನ ರೇಸ್ ಕಾರೊಂದು ಈಗ ಮೈಸೂರಿನಲ್ಲಿ ನಮ್ಮ ಮನೆಯ ಶೆಡ್‌ಗೆ ಬಂದಿದೆ. ಕೊಳವೆಗಳಿಂದ ಬೆಸೆದ ಚಾಸಿ, ಚಾಲಕನ ಬೆನ್ನ ಹಿಂದೆ ಮಾರುತಿ 800ರ 796 ಸಿಸಿ ಎಂಜಿನ್. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ರೂಪಿಸಿದ ಕಾರುಗಳ ಜಾಡಿನದು. ವೇಬ್ರಿಜ್‌ನಲ್ಲಿ ಮುಂದಿನ ಚಕ್ರಗಳನ್ನೂ ಹಿಂದಿನ ಚಕ್ರಗಳನ್ನೂ ಬೇರೆ ಬೇರೆಯಾಗಿ ತೂಗಿಸಿದೆ. ಮುಂದೆ 170 ಕೆ.ಜಿ., ಹಿಂದೆ 260 ಕೆ.ಜಿ. ಎರಡು ಆಕ್ಸಲ್‌ಗಳ ನಡುವೆ 2.3 ಮೀಟರ್. ಮೂಗಿನ ಕೆಳಗೆ ನೆಲಕ್ಕೆ 50 ಮಿ.ಮೀ. ಕೂಡ ಇಲ್ಲ, ಆದ್ದರಿಂದ ಮನೆಯಲ್ಲಿರುವ ಟ್ರಾಲಿ ಜಾಕ್ ಒಳಗೆ ಹೋಗುವುದೇ ಇಲ್ಲ.

ನನಗೆ ಎರಡು ಕೆಲಸಗಳಿವೆ. ಶೆಡ್‌ನಲ್ಲಿ ಎಂಜಿನ್ ಸಮೇತ ಗೇರ್‌ಬಾಕ್ಸ್ ಇಳಿಸಬೇಕು, ಸಸ್ಪೆನ್ಶನ್ ಪೂರ್ತಿ ಬಿಚ್ಚಬೇಕು. ಮಂಡಿ ನೋವಿರುವುದರಿಂದ ನೆಲದ ಮೇಲೆ ಮಲಗಿ ಕೆಲಸ ಮಾಡಲಾರೆ, ಕಾರು ಸೊಂಟದ ಮಟ್ಟಕ್ಕೆ ಬರಬೇಕು. ಆಮೇಲೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಕೊಂಡೊಯ್ದಾಗ ಪ್ಯಾಡಕ್‌ನಲ್ಲಿ, ಅಂದರೆ ರೇಸ್ ಟ್ರ್ಯಾಕಿನ ಪಕ್ಕ ತಂಡಗಳು ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗದಲ್ಲಿ, ನಾನು ಮತ್ತು ತಮ್ಮ ಇಬ್ಬರೇ ಟೈರ್ ಬದಲಾಯಿಸಬೇಕು. ಶೆಡ್‌ನ ಚಾವಣಿಗೆ ಚೈನ್ ಪುಲ್ಲಿ ತೂಗುಹಾಕಲೇ? ಸರ್ವೀಸ್ ಗುಂಡಿ ತೋಡಿಸಲೇ? ಬೈಕ್ ಸರ್ವೀಸಿಗೆ ಬಳಸುವ ಕತ್ತರಿ ಲಿಫ್ಟ್ ತರಲೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಹೆಬ್ಬಾಳ ಲೇತ್:

ಯಾವುದರಿಂದ ಎತ್ತುವುದು ಎನ್ನುವುದಕ್ಕಿಂತ ಮೊದಲು, ಎತ್ತಿದ ಮೇಲೆ ಕಾರು ಯಾವುದರ ಮೇಲೆ ನಿಲ್ಲುತ್ತದೆ ಎನ್ನುವುದನ್ನು ತೀರ್ಮಾನಿಸಿ. ಜಾಕ್ ಇರುವುದು ಎತ್ತಲು ಮಾತ್ರ. ಒಳಗಿನ ಎಣ್ಣೆಯನ್ನು ಹಿಡಿದಿಡುವುದು ಒಂದು ಸಣ್ಣ ರಬ್ಬರ್ ಸೀಲ್. ಅದು ಸೋತರೆ ಕಾರು ನಿಧಾನವಾಗಿಯೂ ಇಳಿಯಬಹುದು, ಒಮ್ಮೆಲೇ ಕುಸಿಯಲೂಬಹುದು. ಕಾರು ಬರೀ ಜಾಕ್ ಮೇಲೆ ಇರುವಾಗ ಕೈಯಾಗಲಿ ತಲೆಯಾಗಲಿ ಅದರ ಕೆಳಗೆ ಹೋಗಬಾರದು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಎರಡನೆಯದು, ಭಾರ ಹೊರುವ ಜಾಗ. ಚಾಸಿಯ ಕೊಳವೆಗಳು ಒಂದಕ್ಕೊಂದು ಸೇರುವ ಗಂಟುಗಳ ಕೆಳಗೆ ಮಾತ್ರ ಆಧಾರ ಕೊಡಿ. ಎರಡು ಗಂಟುಗಳ ನಡುವೆ ಕೊಟ್ಟರೆ ಕೊಳವೆ ಬಾಗುತ್ತದೆ. ಚಕ್ರವನ್ನು ಚಾಸಿಗೆ ಸೇರಿಸುವ ತೋಳು, ಅಂದರೆ ವಿಶ್‌ಬೋನ್, ಅದರ ಕೆಳಗೆ ಕೊಡುವಂತೆಯೇ ಇಲ್ಲ. ಅದು ಚಕ್ರದಿಂದ ಬರುವ ಎಳೆತ ಮತ್ತು ಒತ್ತಡವನ್ನು ತನ್ನ ಉದ್ದಕ್ಕೆ ಹೊರಲು ಮಾಡಿದ ಸಲಾಕೆ. ನಡುವಿನಿಂದ ಮೇಲಕ್ಕೆ ತಳ್ಳಿದರೆ ಸೊಟ್ಟಗಾಗುತ್ತದೆ, ಸೊಟ್ಟಗಾಗಿರುವುದು ಕಣ್ಣಿಗೆ ಕಾಣದೆಯೂ ಇರಬಹುದು.

ಕಟ್ಟಡದ ಲೆಕ್ಕ:

ನಾನು ಸಿವಿಲ್ ಕೆಲಸದವನು, ಚಾವಣಿ ಮತ್ತು ಗುಂಡಿಯ ಬಗ್ಗೆ ಮಾತ್ರ ಹೇಳುತ್ತೇನೆ.

ಶೀಟ್ ಹೊದಿಸಿದ ಶೆಡ್ ಆದರೆ ಚಾವಣಿಯ ಆಲೋಚನೆಯನ್ನು ಬಿಟ್ಟುಬಿಡಿ. ಆ ಕಬ್ಬಿಣದ ಪಟ್ಟಿಗಳ ಲೆಕ್ಕ ನಡೆದಿರುವುದು ಶೀಟಿನ ತೂಕ, ಗಾಳಿಯ ಒತ್ತಡ, ರಿಪೇರಿಗೆ ಹತ್ತುವ ಒಬ್ಬ ಮನುಷ್ಯ, ಇಷ್ಟಕ್ಕೆ. ನಡುವಿನ ಒಂದೇ ಬಿಂದುವಿನಲ್ಲಿ 250 ಕೆ.ಜಿ. ತೂಗುಹಾಕುವುದು ಬೇರೆಯದೇ ಸಂಗತಿ. ಆರ್‌ಸಿಸಿ ತಾರಸಿ ಆದರೂ ಉಯ್ಯಾಲೆಯ ಕೊಂಡಿಯನ್ನು ನಂಬಬೇಡಿ. ಮೈಸೂರಿನ ಎಷ್ಟೋ ಮನೆಗಳಲ್ಲಿ ಆ ಕೊಂಡಿಗಳಿವೆ, ಇಬ್ಬರು ಕುಳಿತು ತೂಗಿಕೊಂಡರೂ ಏನೂ ಆಗಿಲ್ಲ ಎಂಬ ಧೈರ್ಯವೂ ಇರುತ್ತದೆ. ಕಾಂಕ್ರೀಟ್ ಹಾಕುವಾಗಲೇ ತೊಲೆಯ ಮುಖ್ಯ ಕಂಬಿಗೆ ಸುತ್ತಿಸಿದ ಕೊಂಡಿಯೋ, ಆಮೇಲೆ ಕೊರೆದು ಸೇರಿಸಿದ ಬೋಲ್ಟೋ ಎಂದು ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ.

ಪುಲ್ಲಿ ಬೇಕೇ ಬೇಕೆಂದರೆ ಎರಡು ಕಡೆ ಎ ಆಕಾರದ ಕಾಲುಗಳು, ಮೇಲೊಂದು ಅಡ್ಡ ತೊಲೆ ಇರುವ ಗ್ಯಾಂಟ್ರಿ ಮಾಡಿಸಿ. 3 ಮೀಟರ್ ಅಗಲಕ್ಕೆ ಐಎಸ್‌ಎಂಬಿ 100 ತೊಲೆ (100 ಮಿ.ಮೀ. ಎತ್ತರದ, ಐ ಆಕಾರದ ಉಕ್ಕಿನ ತೊಲೆ) ಸಾಕು. ನಡುವೆ 300 ಕೆ.ಜಿ. ತೂಗಿದರೆ ಅದರಲ್ಲಿ ಬರುವ ಒತ್ತಡ ಸುಮಾರು 43 ಮೆಗಾಪ್ಯಾಸ್ಕಲ್; ಸಾಮಾನ್ಯ ಉಕ್ಕು ಶಾಶ್ವತವಾಗಿ ಬಾಗಲು ಶುರುವಾಗುವುದು 250ರ ಹತ್ತಿರ. ಎಳೆದು ಬಿಡುವಾಗ ಬೀಳುವ ಜಗ್ಗಾಟಕ್ಕೂ ಇದರಲ್ಲಿ ಅವಕಾಶವಿದೆ. ತೊಲೆಗಿಂತ ಕಾಲುಗಳ ಕಡೆ ಹೆಚ್ಚು ಗಮನ ಕೊಡಿ. ಕಾಲುಗಳು ಅಗಲವಾಗಿ ಹರಡಿರಬೇಕು, ಕೆಳಗೆ ಅಡ್ಡಪಟ್ಟಿ ಬಿಗಿದಿರಬೇಕು.

ಗುಂಡಿ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಇಳಿದು ಗುಂಡಿಯಲ್ಲೇ ನಿಲ್ಲುತ್ತದೆ. ಹಳೆಯ ಕಾರಿನ ಟ್ಯಾಂಕ್, ಪೈಪ್‌ಗಳನ್ನು ಬಿಚ್ಚುವ ಕೆಲಸ ನಿಮ್ಮದು. ಒಂದು ಹ್ಯಾಂಡ್ ಲ್ಯಾಂಪ್ ಬಲ್ಬು ಒಡೆದರೆ ಸಾಕು.

ಹೆಬ್ಬಾಳ ಲೇತ್:

ಗುಂಡಿಯಿಂದ ಇಂಥ ಕಾರಿಗೆ ಪ್ರಯೋಜನವೂ ಇಲ್ಲ. ಒಂಟಿ ಸೀಟಿನ ಕಾರಿನ ತಳ ಬಹುಮಟ್ಟಿಗೆ ತಗಡಿನಿಂದ ಮುಚ್ಚಿರುತ್ತದೆ. ಕೈಗೆ ಸಿಗಬೇಕಾದದ್ದೆಲ್ಲ ಪಕ್ಕದಿಂದ, ಮೇಲಿನಿಂದ. ಅದಕ್ಕಾಗಿಯೇ ಸೊಂಟದ ಮಟ್ಟದ ಸ್ಟ್ಯಾಂಡ್ ಒಳ್ಳೆಯದು.

ಸಿದ್ಧಾರ್ಥನಗರ:

ಇಷ್ಟೆಲ್ಲ ಯಾಕೆ ಸರ್? ಮುಂದೆ ಇಬ್ಬರು, ಹಿಂದೆ ನಾಲ್ವರು ಗಟ್ಟಿಮುಟ್ಟಾದವರು ಸೇರಿದರೆ ಎತ್ತಿಬಿಡಬಹುದು. ಅಕ್ಕಪಕ್ಕದ ಹುಡುಗರನ್ನು ಕರೆಯಿರಿ.

ಫಾರ್ಮುಲಾ ವಿದ್ಯಾರ್ಥಿನಿ:

ಸಿದ್ಧಾರ್ಥನಗರದ ಸರ್, ನಮ್ಮ ಕಾಲೇಜು ತಂಡದ ಕಾರು ಇವರ ಕಾರಿನ ಅರ್ಧ ತೂಕದ್ದು, ಅದನ್ನೂ ನಾವು ಕೈಯಲ್ಲಿ ಎತ್ತುವುದಿಲ್ಲ. ಎತ್ತುವವರು ಸಿಗುತ್ತಾರೆ. ಆದರೆ ಅವರು ಹಿಡಿದುಕೊಂಡಿರುವಾಗ ಸ್ಟ್ಯಾಂಡನ್ನು ಕೆಳಗೆ ತೂರಿಸುವವರು ಯಾರು? ಒಬ್ಬರ ಹಿಡಿತ ಜಾರಿದರೆ ಬೀಳುವುದು ಆ ಬಗ್ಗಿದವರ ಕೈಮೇಲೆ. ಬಾಡಿಯ ಫೈಬರ್ ಅಂಚು ಹಿಡಿಯಲು ಮಾಡಿದ್ದೂ ಅಲ್ಲ.

ವಿಜಯನಗರದ ಸರ್, ನೀವು ಗೇರ್‌ಬಾಕ್ಸ್ ಇಳಿಸುತ್ತೀರಿ ಎಂದು ಬರೆದಿದ್ದೀರಿ. ಇಡೀ ಚರ್ಚೆಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಆ ಸಾಲು. ದಯವಿಟ್ಟು ಈ ಲೆಕ್ಕವನ್ನು ಒಮ್ಮೆ ನೋಡಿ.

ಹಿಂದೆ 260, ಒಟ್ಟು 430, ಆಕ್ಸಲ್ ಅಂತರ 2.3 ಮೀಟರ್. ಹಾಗಾದರೆ ಗುರುತ್ವ ಕೇಂದ್ರ ಮುಂದಿನ ಆಕ್ಸಲ್‌ನಿಂದ ಸುಮಾರು 1.39 ಮೀಟರ್ ಹಿಂದೆ ಇದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿ 100 ಕೆ.ಜಿ. ಎಂದು ಇಟ್ಟುಕೊಳ್ಳಿ, ಅದರ ಮಧ್ಯ ಮುಂದಿನ ಆಕ್ಸಲ್‌ನಿಂದ 2.1 ಮೀಟರ್ ಹಿಂದೆ ಇರಲಿ. ಅದನ್ನು ತೆಗೆದ ಕೂಡಲೇ ಉಳಿದ 330 ಕೆ.ಜಿ.ಯ ಗುರುತ್ವ ಕೇಂದ್ರ 1.18 ಮೀಟರ್‌ಗೆ ಬರುತ್ತದೆ. ಅಂದರೆ 21 ಸೆಂಟಿಮೀಟರ್ ಮುಂದಕ್ಕೆ.

ಈಗ ಮುಂದಿನ ಸ್ಟ್ಯಾಂಡನ್ನು ಸೀಟಿನ ಬೆನ್ನಿನ ಅಡ್ಡ ಚೌಕಟ್ಟಿನ ಕೆಳಗೆ, 1.3 ಮೀಟರ್‌ನಲ್ಲಿ ಇಟ್ಟಿದ್ದೀರಿ ಎನ್ನಿ. ಅಲ್ಲಿ ಕೊಳವೆಗಳು ದಪ್ಪವಾಗಿರುವುದರಿಂದ ಎಲ್ಲರಿಗೂ ಅದೇ ಜಾಗ ಇಷ್ಟವಾಗುತ್ತದೆ. ಎಂಜಿನ್ ಇರುವವರೆಗೆ ಕಾರು ಅಲ್ಲಾಡದೆ ಕೂತಿರುತ್ತದೆ. ಎಂಜಿನ್ ಹೊರಬಂದ ಗಳಿಗೆಯಲ್ಲಿ ಗುರುತ್ವ ಕೇಂದ್ರ ಸ್ಟ್ಯಾಂಡಿನ ಮುಂದಕ್ಕೆ ಹೋಗುತ್ತದೆ, ಕಾರು ಮೂಗು ಕುಟ್ಟಿಕೊಂಡು ಬೀಳುತ್ತದೆ. ಆಗ ನೀವು ಹಿಂದೆ ನಿಂತು ಎಂಜಿನ್ ಹಿಡಿದಿರುತ್ತೀರಿ. ಮುಂದಿನ ಆಧಾರ ಮುಂದಿನ ಸಸ್ಪೆನ್ಶನ್ ಸೇರುವ ಚೌಕಟ್ಟಿನ ಕೆಳಗೇ ಇರಲಿ, ಹಿಂದಿನದು ಎಂಜಿನ್ ಜೊತೆ ಹೊರಬರದ ಚಾಸಿ ಭಾಗದ ಕೆಳಗೆ ಇರಲಿ. ಕೆಲವು ಕಾರುಗಳಲ್ಲಿ ಹಿಂದಿನ ಸಸ್ಪೆನ್ಶನ್ ಗೇರ್‌ಬಾಕ್ಸಿಗೇ ಕೂರುತ್ತದೆ, ನಿಮ್ಮದರಲ್ಲಿ ಹೇಗಿದೆ ಎಂದು ಮೊದಲು ನೋಡಿಕೊಳ್ಳಿ.

ವಿಜಯನಗರ ಮೂರನೇ ಹಂತ:

ತಂಗೀ, ಈ ಲೆಕ್ಕಕ್ಕೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಸ್ಟ್ಯಾಂಡ್ ಇಡಬೇಕೆಂದುಕೊಂಡಿದ್ದ ಜಾಗ ನೀವು ಹೇಳಿದ ಆ ಸೀಟಿನ ಚೌಕಟ್ಟೇ. ನನ್ನ ಕಾರಿನ ಹಿಂದಿನ ಸಸ್ಪೆನ್ಶನ್ ಚಾಸಿಗೇ ಸೇರಿದೆ, ಎಂಜಿನ್ ಸುತ್ತ ಕೊಳವೆಗಳಿವೆ. ಹಾಗಾದರೆ ಕತ್ತರಿ ಲಿಫ್ಟ್ ಆಗಬಹುದೇ? ಇಡೀ ಕಾರು ಒಂದೇ ಮೇಜಿನ ಮೇಲೆ ಏರುತ್ತದೆ, ಸ್ಟ್ಯಾಂಡಿನ ಗೊಡವೆ ಇಲ್ಲ.

ಹೆಬ್ಬಾಳ ಲೇತ್:

ಬೈಕಿನ ಲಿಫ್ಟ್ ನಿಮ್ಮ ಕಾರಿಗೆ ಆಗದು. ಮೇಜು ಕಿರಿದು, ಮುಂದೆ ಹಿಂದೆ ಕಾರು ಹೊರಚಾಚುತ್ತದೆ. ಎಂಜಿನ್ ತೆಗೆದಾಗ ಮೂಗು ಕುಟ್ಟುವ ಅಪಾಯ ಅಲ್ಲಿಯೂ ಹಾಗೆಯೇ ಇದೆ.

ಸ್ವಂತವಾಗಿ ದೊಡ್ಡದನ್ನು ಮಾಡಿಸುವ ಆಸೆ ಇದ್ದರೆ ಈ ಲೆಕ್ಕ ನೆನಪಿರಲಿ. ಕತ್ತರಿಯ ಕಾಲುಗಳನ್ನು ನೆಲದ ಮಟ್ಟದಲ್ಲಿ ಅಡ್ಡಡ್ಡವಾಗಿ ಎಳೆಯುವ ಸ್ಕ್ರೂ ಅಥವಾ ಸಿಲಿಂಡರ್‌ಗೆ ಬೇಕಾಗುವ ಬಲ, ಭಾರವನ್ನು ಕಾಲುಗಳು ನೆಲದೊಂದಿಗೆ ಮಾಡುವ ಕೋನದ ಟ್ಯಾನ್‌ನಿಂದ ಭಾಗಿಸಿದಷ್ಟು. ಕಾಲುಗಳು 45 ಡಿಗ್ರಿಯಲ್ಲಿದ್ದಾಗ 430 ಕೆ.ಜಿ.ಗೆ 430 ಕೆ.ಜಿ. ಬಲ. ಮಡಚಿಕೊಂಡು 10 ಡಿಗ್ರಿಗೆ ಬಂದಾಗ ಅದೇ ಕಾರಿಗೆ ಸುಮಾರು 2,440 ಕೆ.ಜಿ. ಬಲ. ನೆಲ ಬಿಟ್ಟು ಏಳುವ ಆ ಮೊದಲ ಗೇಣಿನಲ್ಲೇ ಪಿನ್‌ಗಳು ತುಂಡಾಗುವುದು. ತಯಾರಕರು ಅದಕ್ಕೆ ತಕ್ಕಂತೆ ಪಿನ್, ಬುಷ್ ಎಲ್ಲವನ್ನೂ ಲೆಕ್ಕ ಹಾಕಿರುತ್ತಾರೆ. ನಮ್ಮ ಕಡೆ ಕಣ್ಣಂದಾಜಿನಲ್ಲಿ ಬೆಸೆದ ಕತ್ತರಿ ಲಿಫ್ಟ್‌ನ ಪಕ್ಕ ನಿಲ್ಲಲು ನಾನಂತೂ ಒಪ್ಪುವುದಿಲ್ಲ.

ಮಂಡ್ಯ ಟ್ರೈಲರ್:

ಹೆಬ್ಬಾಳದ ಅಣ್ಣ ಹೇಳಿದ್ದು ಸರಿ. ನಾವು ಮಂಡ್ಯದಲ್ಲಿ ಕಬ್ಬು ಸಾಗಿಸುವ ಟ್ರೈಲರ್ ಕಟ್ಟುವವರು, ಭಾರ ಹೊರುವ ಕಬ್ಬಿಣದ ಜೊತೆಗೇ ನಮ್ಮ ದಿನ ಕಳೆಯುತ್ತದೆ. ಪ್ಯಾಡಕ್‌ಗೆ ಸನ್ನೆ ಜಾಕ್ ಮಾಡಿಸಿಕೊಳ್ಳಿ. ಉದ್ದನೆಯ ಹಿಡಿ, ತುದಿಯಲ್ಲಿ ಎರಡು ಚಕ್ರಗಳು, ಅವುಗಳ ಮುಂದೆ ಕಾರಿನ ಕೊಳವೆಯನ್ನು ಹಿಡಿಯುವ ಕೊಕ್ಕೆ. ಹಿಡಿ ಒತ್ತಿದರೆ ಕಾರು ಏಳುತ್ತದೆ. ಎಣ್ಣೆ ಇಲ್ಲ, ಸೀಲ್ ಇಲ್ಲ, ಒಂದೇ ಒತ್ತಿಗೆ ಕೆಲಸ ಮುಗಿಯುತ್ತದೆ. ಫಾರ್ಮುಲಾ ಒನ್ ಪಿಟ್‌ನಲ್ಲಿ ಮುಂದೊಬ್ಬ ಹಿಂದೊಬ್ಬ ಜಾಕ್ ಹಿಡಿದು ನಿಂತಿರುವುದನ್ನು ಟಿವಿಯಲ್ಲಿ ನೋಡಿರುತ್ತೀರಿ.

ಕಾರಿನ ಹಿಂದಿನ ಆಕ್ಸಲ್‌ಗಿಂತ 35 ಸೆಂಟಿಮೀಟರ್ ಹಿಂದೆ ಎತ್ತುವ ಕೊಳವೆ ಇದ್ದರೆ, ಅಲ್ಲಿ ಬೀಳುವ ಭಾರ 260 ಅಲ್ಲ, ಸುಮಾರು 226 ಕೆ.ಜಿ. ಆಕ್ಸಲ್‌ನಿಂದ ದೂರ ಹೋದಷ್ಟೂ ಹಗುರ. ಚಕ್ರದ ಅಚ್ಚಿನಿಂದ ಕೊಕ್ಕೆಗೆ 15 ಸೆಂಟಿಮೀಟರ್, ಹಿಡಿಯ ತುದಿಗೆ 1.8 ಮೀಟರ್ ಇಟ್ಟರೆ ಹನ್ನೆರಡು ಪಟ್ಟು ಲಾಭ. ಕೈಯಿಂದ ಒತ್ತಬೇಕಾದದ್ದು 19 ಕೆ.ಜಿ. ಅಷ್ಟೆ. ಮೂಗಿನ ಕಡೆ ಆಕ್ಸಲ್‌ಗಿಂತ 40 ಸೆಂಟಿಮೀಟರ್ ಮುಂದೆ ಹಿಡಿದರೆ 145 ಕೆ.ಜಿ., ಒತ್ತುವುದು 12 ಕೆ.ಜಿ. ಹೆಣ್ಣುಮಕ್ಕಳು, ವಯಸ್ಸಾದವರು ಯಾರು ಬೇಕಾದರೂ ಒತ್ತಬಹುದು.

ಇದರಲ್ಲಿ ಒಂದು ಗುಟ್ಟಿದೆ. ಹಿಡಿ ಪೂರ್ತಿ ಕೆಳಗೆ ಬಂದಾಗ ಕೊಕ್ಕೆ ಚಕ್ರದ ಅಚ್ಚನ್ನು ದಾಟಿ ಸ್ವಲ್ಪ ಈಚೆಗೆ ಬಂದಿರಬೇಕು. ಆಗ ಕಾರಿನ ತೂಕವೇ ಹಿಡಿಯನ್ನು ನೆಲಕ್ಕೆ ಅದುಮುತ್ತದೆ, ಯಾರೂ ಹಿಡಿದು ನಿಲ್ಲಬೇಕಿಲ್ಲ. ದಾಟದೆ ಇದ್ದರೆ ಹಿಡಿ ಎದ್ದು ಗದ್ದಕ್ಕೆ ಹೊಡೆಯುತ್ತದೆ. ದಾಟುವ ಅಳತೆ ಕಾರಿನ ಕೊಳವೆಯ ಎತ್ತರದ ಮೇಲೆ ನಿಂತಿದೆ, ಆದ್ದರಿಂದ ಇಂಥದ್ದನ್ನು ಕಾರು ಮುಂದಿಟ್ಟುಕೊಂಡೇ ಮಾಡಬೇಕು. ಬೇರೆ ಕಾರಿನ ಜಾಕ್ ನಕ್ಷೆ ತಂದರೆ ನಾನು ಮಾಡಿಕೊಡುವುದಿಲ್ಲ.

ಫಾರ್ಮುಲಾ ವಿದ್ಯಾರ್ಥಿನಿ:

ಮಂಡ್ಯದ ಸರ್ ಅಳತೆಗೆ ಬಲದ ಲೆಕ್ಕ ಸೇರಿಸುತ್ತೇನೆ. 38 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪದ ಒಂದೇ ಕೊಳವೆಯ ಹಿಡಿಯಾದರೆ ಅಚ್ಚಿನ ಬಳಿ ಒತ್ತಡ ಸುಮಾರು 124 ಮೆಗಾಪ್ಯಾಸ್ಕಲ್. ಬಾಗುವುದಿಲ್ಲ. ಆದರೆ ಬೆಸುಗೆ ಬೀಳುವುದೂ ಅಲ್ಲೇ, ಜೋರಾಗಿ ಒತ್ತಿದಾಗ ಭಾರ ಹೆಚ್ಚುವುದೂ ಅಲ್ಲೇ. ಎರಡು ಕೊಳವೆಗಳನ್ನು ಅಕ್ಕಪಕ್ಕ ಇಟ್ಟು ಮಾಡಿಸಿದರೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ.

ಎತ್ತುವ ಕೊಳವೆಗೆ ನಮ್ಮ ಕಾಲೇಜು ತಂಡಗಳ ಫಾರ್ಮುಲಾ ಕಾರು ಸ್ಪರ್ಧೆಯ ನಿಯಮವನ್ನೇ ಅನುಸರಿಸಬಹುದು. ಕಾರಿನ ಹಿಂತುದಿಯಲ್ಲಿ, ಅಡ್ಡಡ್ಡವಾಗಿ, 25ರಿಂದ 30 ಮಿ.ಮೀ. ಹೊರವ್ಯಾಸದ ದುಂಡು ಕೊಳವೆ, ಅದರ ಕೆಳಗಿನ ಅರ್ಧವೃತ್ತಕ್ಕೆ ಏನೂ ಅಡ್ಡ ಇರಕೂಡದು, ಕಿತ್ತಳೆ ಬಣ್ಣ ಬಳಿದಿರಬೇಕು. ಬಣ್ಣ ಅಲಂಕಾರಕ್ಕಲ್ಲ. ಗಡಿಬಿಡಿಯಲ್ಲಿ ಸಹಾಯಕ್ಕೆ ಬಂದ ಅಪರಿಚಿತರಿಗೂ ಎಲ್ಲಿ ಹಿಡಿಯಬೇಕೆಂದು ತಿಳಿಯಲಿ ಎಂದು. ಇನ್ನೊಂದು, ಹಿಂದನ್ನು ಎತ್ತಿದಾಗ ಟ್ಯಾಂಕ್ ಮುಂದಕ್ಕೆ ವಾಲುತ್ತದೆ. ಗಾಳಿ ಆಡುವ ಪೈಪಿನಿಂದ ಪೆಟ್ರೋಲ್ ಸೋರುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ.

ಪಿಟ್ ಸಹಾಯಕ:

ಕೊಯಮತ್ತೂರಿನಲ್ಲೂ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯಲ್ಲೂ ತಂಡಗಳಿಗೆ ಸಹಾಯ ಮಾಡಿದ್ದೇನೆ. ಸನ್ನೆ ಜಾಕ್‌ಗೆ ನನ್ನದೂ ಒಪ್ಪಿಗೆ, ಜೊತೆಗೆ ಕೆಲವು ಮಾತು.

ಈ ಕಾರುಗಳಿಗೆ ಹ್ಯಾಂಡ್ ಬ್ರೇಕ್ ಇರುವುದಿಲ್ಲ. ಗೇರಿಗೆ ಹಾಕಿ ನಿಲ್ಲಿಸುವ ಅಭ್ಯಾಸ ಎಲ್ಲರಿಗೂ ಇದೆ. ಹಿಂದಿನ ಚಕ್ರಗಳು ನೆಲ ಬಿಟ್ಟ ಕೂಡಲೇ ಗೇರು ಏನನ್ನೂ ಹಿಡಿಯುವುದಿಲ್ಲ, ಮುಂದಿನ ಎರಡು ಚಕ್ರಗಳು ಸಲೀಸಾಗಿ ಉರುಳುತ್ತವೆ. ಒಂದು ತಂಡದ ಕಾರು ಹೀಗೆಯೇ ಜಾಕ್ ಬಿಟ್ಟು ಇಳಿದು, ಟೈರ್ ಕಳಚುತ್ತಿದ್ದ ಹುಡುಗನ ಬೆರಳು ಡಿಸ್ಕ್ ಕೆಳಗೆ ಸಿಕ್ಕಿಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಎತ್ತುವ ಮೊದಲು, ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ತುಂಡು ಕೊಡಿ.

ಟೈರ್ ಬದಲಿಸುವುದಕ್ಕೂ ಬರೀ ಜಾಕ್ ಸಾಲದು. ಎತ್ತಿದ ಕೂಡಲೇ ಚಾಸಿ ಕೆಳಗೆ ಗಟ್ಟಿ ಮರದ ತುಂಡು ತಳ್ಳಿ. ಮನೆ ಕೆಡವಿದಾಗ ಸಿಗುವ ಹಳೆಯ ತೊಲೆ ಇದಕ್ಕೆ ಬಹಳ ಒಳ್ಳೆಯದು. ಸಿಮೆಂಟ್ ಹಾಲೊ ಬ್ಲಾಕ್, ಸೈಜು ಕಲ್ಲು, ಇಟ್ಟಿಗೆ ಇಡಬೇಡಿ. ಮರ ಸೋಲುವ ಮೊದಲು ಕಿರುಗುಟ್ಟುತ್ತದೆ, ಅದುಮಿಕೊಳ್ಳುತ್ತದೆ. ಹಾಲೊ ಬ್ಲಾಕ್ ಏನೂ ಹೇಳದೆ ಪುಡಿಯಾಗುತ್ತದೆ.

ಗಾಳಿ ಜಾಕ್‌ಗಳ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ: ಕಾರಿನ ತಳದಲ್ಲೇ ಸಿಲಿಂಡರ್ ಕೂರಿಸುವುದು ದೀರ್ಘ ದೂರದ ರೇಸಿನ ದೊಡ್ಡ ಕಾರುಗಳಿಗೆ ಸರಿ. ಇಷ್ಟು ಹಗುರ ಕಾರಿಗೆ ಅದು ಸುಮ್ಮನೆ ಹೊರುವ ತೂಕ.

ಶ್ರೀರಂಗಪಟ್ಟಣ ಆಟೋಕ್ರಾಸ್:

ನನ್ನದು ಒಂಟಿ ಸೀಟಿನದಲ್ಲ, ಹಳೆಯ ಹ್ಯಾಚ್‌ಬ್ಯಾಕ್. ಲಲಿತಮಹಲ್ ಹೆಲಿಪ್ಯಾಡ್ ಮೈದಾನದಂಥ ಮಣ್ಣಿನ ನೆಲದಲ್ಲಿ ಟ್ರಾಲಿ ಜಾಕ್ ಹಾಕಿದಾಗ ಕಾರು ಯಾವಾಗಲೂ ಪಕ್ಕಕ್ಕೆ ಎಳೆಯುತ್ತದೆ. ಜಾಕ್ ಕೆಟ್ಟಿದೆಯೇ?

ಹೆಬ್ಬಾಳ ಲೇತ್:

ಜಾಕ್ ಕೆಟ್ಟಿಲ್ಲ. ಟ್ರಾಲಿ ಜಾಕ್‌ನ ತೋಳು ನೇರವಾಗಿ ಏಳುವುದಿಲ್ಲ, ಕಮಾನಿನ ಹಾಗೆ ಏಳುತ್ತದೆ. 400 ಮಿ.ಮೀ. ಉದ್ದದ ತೋಳು ಮಲಗಿದಲ್ಲಿಂದ 300 ಮಿ.ಮೀ. ಎದ್ದರೆ ಅದರ ತಲೆ ಸುಮಾರು 135 ಮಿ.ಮೀ. ಹಿಂದಕ್ಕೆ ಸರಿಯುತ್ತದೆ. ಗಟ್ಟಿ ನೆಲದಲ್ಲಿ ಜಾಕ್‌ನ ಪುಟ್ಟ ಚಕ್ರಗಳು ಉರುಳಿ ಅದನ್ನು ಸರಿದೂಗಿಸುತ್ತವೆ. ಮಣ್ಣಿನಲ್ಲಿ ಅವು ಹೂತುಕೊಳ್ಳುತ್ತವೆ, ಆಗ ಜಾಕ್ ಕಾರನ್ನೇ ಎಳೆಯುತ್ತದೆ. ಜಾಕ್ ಕೆಳಗೆ ಅದು ಉರುಳುವಷ್ಟು ಉದ್ದದ ದಪ್ಪ ಪ್ಲೈವುಡ್ ಹಾಸಿ.

ಸ್ಟ್ಯಾಂಡಿಗೂ ಹಾಗೆಯೇ. ಕೋನಪಟ್ಟಿಯ ನಾಲ್ಕು ಕಾಲುಗಳಿರುವ ಸ್ಟ್ಯಾಂಡಿಗೆ ನೆಲ ಮುಟ್ಟುವ ಜಾಗ ಕಾಲಿಗೆ ನಾಲ್ಕು ಚದರ ಸೆಂಟಿಮೀಟರ್ ಕೂಡ ಇರುವುದಿಲ್ಲ. 120 ಕೆ.ಜಿ. ಬಿದ್ದರೆ ಪ್ರತಿ ಚದರ ಸೆಂಟಿಮೀಟರ್‌ಗೆ ಏಳು ಕೆ.ಜಿ.ಗೂ ಹೆಚ್ಚು. ಕೆಳಗೆ ಒಂದು ಅಡಿ ಚೌಕದ ಕಬ್ಬಿಣದ ತಗಡು ಇಟ್ಟರೆ 150 ಗ್ರಾಂಗೂ ಕಡಿಮೆ. ಬಿಸಿಲಿಗೆ ಮೆತ್ತಗಾದ ಡಾಂಬರಿನ ಮೇಲೂ ಇದು ಬೇಕು.

ಕಟ್ಟಡದ ಲೆಕ್ಕ:

ಮನೆಯ ಪೋರ್ಟಿಕೋದಲ್ಲಿ ಕೆಲಸ ಮಾಡುವವರಿಗೂ ಒಂದು ಮಾತು. ಮಳೆನೀರು ಹರಿಯಲೆಂದು ಆ ನೆಲವನ್ನು ಗೇಟಿನ ಕಡೆಗೆ ಇಳಿಜಾರು ಮಾಡಿರುತ್ತಾರೆ, ಟೈಲ್ಸ್ ಕೆಳಗೆ ಅಲ್ಲಲ್ಲಿ ಟೊಳ್ಳಿರುತ್ತದೆ. ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಲ್ಲಿ ಸ್ಟ್ಯಾಂಡ್ ಇಡಬೇಡಿ.

ವಿಜಯನಗರ ಮೂರನೇ ಹಂತ:

ತೀರ್ಮಾನ ಆಯಿತು. ಶೆಡ್‌ಗೆ ಗ್ಯಾಂಟ್ರಿ, ಒಂದು ಟನ್‌ನ ಚೈನ್ ಪುಲ್ಲಿ, ಮುಂದೊಂದು ಹಿಂದೊಂದು 600 ಮಿ.ಮೀ. ಎತ್ತರದ ಅಗಲ ಸ್ಟ್ಯಾಂಡ್. ಪ್ಯಾಡಕ್‌ಗೆ ಸನ್ನೆ ಜಾಕ್. ಒಂದು ಸಂದೇಹ ಉಳಿದಿದೆ. ಕಾರನ್ನು ಇಳಿಸಿದ ಮೇಲೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿವೆ ಎಂಬ ಅಳತೆ) ಅಳೆದರೆ ಪ್ರತಿ ಸಲ ಬೇರೆ ಬೇರೆ ಅಂಕಿ ಬರುತ್ತದೆ ಎಂದು ಕೇಳಿದ್ದೇನೆ, ನಿಜವೇ?

ಪಿಟ್ ಸಹಾಯಕ:

ನಿಜ. ಎತ್ತಿದಾಗ ಚಕ್ರಗಳು ಜೋತು ಒಳಕ್ಕೆ ಬರುತ್ತವೆ. ಇಳಿಸಿದಾಗ ಟೈರು ನೆಲವನ್ನು ಕಚ್ಚಿಕೊಳ್ಳುವುದರಿಂದ ಪೂರ್ತಿ ಹೊರಕ್ಕೆ ಹರಡುವುದಿಲ್ಲ, ಕಾರು ಎತ್ತರದಲ್ಲೇ ನಿಂತುಬಿಡುತ್ತದೆ. ಒಂದೆರಡು ಸುತ್ತು ಚಕ್ರ ಉರುಳುವಷ್ಟು ಮುಂದೆ ಹಿಂದೆ ತಳ್ಳಿ, ಮೂಗನ್ನೂ ಬಾಲವನ್ನೂ ಒತ್ತಿ ಬಿಟ್ಟು, ಆಮೇಲೆ ಅಳೆಯಿರಿ. ತಳ್ಳಲು ಜಾಗ ಇಲ್ಲದಿದ್ದರೆ ಪ್ರತಿ ಚಕ್ರದ ಕೆಳಗೆ ಎರಡು ತಗಡು, ನಡುವೆ ಗ್ರೀಸ್. ನಾಲ್ಕು ಚಕ್ರಗಳ ಜಾಗವೂ ಒಂದೇ ಮಟ್ಟದಲ್ಲಿರಬೇಕು. ಗಾರೆ ಮೇಸ್ತ್ರಿಗಳು ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡುವ ವಿಧಾನ ಇದಕ್ಕೆ ಸಾಕು.

ಮಂಡ್ಯ ಟ್ರೈಲರ್:

ವಿಜಯನಗರದವರೇ, ಕಾರನ್ನು ಟ್ರೈಲರ್ ಮೇಲೆ ಮಂಡ್ಯಕ್ಕೆ ತನ್ನಿ. ರೇಸಿಗೆ ಹಾಕುವ ಟೈರುಗಳನ್ನೇ ಹಾಕಿ, ಗಾಳಿ ಸರಿಯಾಗಿ ತುಂಬಿಸಿ ತನ್ನಿ, ಕೊಳವೆಯ ಎತ್ತರ ಅದರ ಮೇಲೆ ನಿಂತಿದೆ. ಕಬ್ಬು ಕಟಾವು ಜೋರಾದ ಮೇಲೆ ನನ್ನ ಅಂಗಳದಲ್ಲಿ ಟ್ರೈಲರ್‌ಗಳೇ ತುಂಬಿರುತ್ತವೆ, ಅದಕ್ಕೆ ಮೊದಲೇ ಬಂದರೆ ಅನುಕೂಲ. ಕೊಕ್ಕೆಗೆ ಒಳಗಿನಿಂದ ರಬ್ಬರ್ ಹಾಕಿಕೊಡುತ್ತೇನೆ, ಕಿತ್ತಳೆ ಬಣ್ಣ ನೀವೇ ತನ್ನಿ.